ಸಿಯಾಟಲ್‌ಗೆ ಹೊರಟ ತಂಗಿಗೆ

ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ವೆಬ್ ಆಕ್ಸೆಸಿಬಿಲಿಟಿ, ಅಂದರೆ ಅಂಗವಿಕಲರೂ ವೆಬ್‌ಸೈಟ್ ಬಳಸುವಂತೆ ಮಾಡುವುದರ ಮೇಲೆ ಪಿಎಚ್‌ಡಿ ಮಾಡಲು ಬರುತ್ತಿದ್ದೀಯ. ‘ಅಣ್ಣಾ, ಸ್ಟೈಪೆಂಡ್ ಸಾಲುತ್ತದಾ, ಚಳಿ ಹೇಗೆ, ಬರುವ ಮುಂಚೆ ಏನು ಓದಿಕೊಳ್ಳಲಿ’ ಅಂತ ಕೇಳಿದ್ದೀಯ.

ಮನೆ ಹಂಚಿಕೊಂಡರೆ ಸಾಲುತ್ತದೆ. ಚಳಿಗಿಂತ ಜಿಟಿಜಿಟಿ ಮಳೆಯದೇ ಕಾಟ, ನಮ್ಮ ಆಷಾಢವನ್ನು ಆರು ತಿಂಗಳು ಎಳೆದ ಹಾಗೆ. ನಾನು 2009ರ ಸೆಪ್ಟೆಂಬರಿನಲ್ಲಿ ಇಳಿದಾಗ ವಿಮಾನ ನಿಲ್ದಾಣಕ್ಕೆ ಲೈಟ್ ರೈಲು ಇನ್ನೂ ಬಂದಿರಲಿಲ್ಲ. ಎರಡು ಸೂಟ್‌ಕೇಸು, ಒಂದು ಗಂಟು ಖಡಕ್ ರೊಟ್ಟಿ ಹಿಡಿದು ಬಸ್ಸು ಹುಡುಕಿದ್ದೆ. ನೀನು ರೈಲು ಹತ್ತಿದರೆ ಸೀದಾ ವಿಶ್ವವಿದ್ಯಾಲಯದ ಪಕ್ಕದ ಯು ಡಿಸ್ಟ್ರಿಕ್ಟ್‌ನಲ್ಲೇ ಇಳಿಯಬಹುದು.

ಓದಿಗೆ ವೆಬ್ ಆಕ್ಸೆಸಿಬಿಲಿಟಿಯ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2 ತಿರುವಿಹಾಕು. ಅಕ್ಷರಕ್ಕೂ ಹಿನ್ನೆಲೆಗೂ 4.5:1 ಕಾಂಟ್ರಾಸ್ಟ್ ಇರಬೇಕು ಅನ್ನುವಂಥದ್ದನ್ನೆಲ್ಲ ಬಾಯಿಪಾಠ ಮಾಡುವುದು ಬೇಡ. ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು, ಪರದೆ ಆಫ್ ಮಾಡಿ, ಮೌಸ್ ಎತ್ತಿಟ್ಟು ಒಂದು ವಾರ ಕೆಲಸ ಮಾಡು. ಅಷ್ಟಕ್ಕೇ ಅಂಧರ ಬದುಕು ತಿಳಿಯಿತು ಅಂದುಕೊಳ್ಳಬೇಡ ಮತ್ತೆ; ಪಳಗಿದವರು ಅದನ್ನು ನಮಗೆ ಒಂದಕ್ಷರ ತಿಳಿಯದ ವೇಗದಲ್ಲಿ ಕೇಳುತ್ತಾರೆ.

ಗದಗಿನ ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ರಜೆಗೆ ಹೋದಾಗ ಅವರ ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿ, ಕನ್ನಡ ದನಿ ಕೂಡಿಸಿ, ದೊಡ್ಡ ಉಪಕಾರ ಮಾಡಿದವನಂತೆ ಬೀಗುತ್ತ ಬಂದೆ. ಆಮೇಲೆ ಅಜ್ಜನ ಹಳೇ ಪತ್ರಗಳನ್ನು ಅವ್ವ ಹುಬ್ಬಳ್ಳಿಯಲ್ಲಿ ಕೂತು ಟೈಪ್ ಮಾಡಿದಳು, ನಾನು ಮಾವನಿಗೆ ಕಳಿಸಿದೆ. ಮರುದಿನವೇ ಫೋನು: ‘ಏನಪಾ, ಬರೇ ಪೌಂಡ್ ಪೌಂಡ್ ಅಂತದ. ನಮ್ಮಪ್ಪ ಲಂಡನ್ನಿನ್ಯಾಗ ಸಾಲಾ ಮಾಡಿದ್ನೇನು?’

ಅವ್ವ ಟೈಪ್ ಮಾಡಿದ್ದು ಹಳೇ ನುಡಿ ಫಾಂಟಿನಲ್ಲಿ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎನ್‌ವಿಡಿಎ ಓದುವುದು ಒಳಗಿರುವುದನ್ನೇ; ಅಲ್ಲಿ ‘ನ’ ಅಂದರೆ ಪೌಂಡ್ ಚಿಹ್ನೆ.

ಒಳಗೂ ಕನ್ನಡವೇ ಇರುವ ಯುನಿಕೋಡಿಗೆ ಬದಲಿಸಿ ಕಳಿಸುತ್ತೇನೆ ಅಂದೆ. ಒಂದು ಸಂಜೆಯ ಕೆಲಸ. ಪೇಪರ್ ಡೆಡ್‌ಲೈನು, ಥೀಸಿಸ್ಸು ಅಂತ ಹದಿನಾಲ್ಕು ತಿಂಗಳು ತಳ್ಳಿದೆ. ಕೊನೆಗೆ ಕಳಿಸಿದಾಗ ಮಾವ, ‘ಪಕ್ಕದ ಮನಿ ಹುಡುಗನ ಕಡೆ ಓದಿಸ್ಕೊಂಡೆ, ಬಿಡಪಾ’ ಅಂದರು. ಅಜ್ಜ ಹೊಲ ಒತ್ತೆ ಇಟ್ಟದ್ದು, ಯಾರ್‍ಯಾರ ಮುಂದೆ ಕೈಚಾಚಿದ್ದು ಎಲ್ಲ ಆ ಪತ್ರಗಳಲ್ಲಿತ್ತು. ಮಾವ ಒಬ್ಬರೇ ಕೂತು ಕೇಳಿಸಿಕೊಳ್ಳಬೇಕಾದದ್ದು ಓಣಿಗೆಲ್ಲ ಗೊತ್ತಾಯಿತು. ಆ ವರ್ಷ ನಾನು ಬರೆಯುತ್ತಿದ್ದ ಪೇಪರು ಯಾವುದು ಗೊತ್ತಾ? ಬ್ಯಾಂಕಿನ ವೆಬ್‌ಸೈಟ್ ಬಳಸುವಾಗ ಅಂಧರು ತಮ್ಮ ಗುಟ್ಟು ಕಾಪಾಡಿಕೊಳ್ಳುವ ಬಗೆ.

ಮಾವನಿಗೆ ಇವತ್ತಿಗೂ ಅದನ್ನು ಹೇಳಿಲ್ಲ.

ಕೊಡೆ ತರಬೇಡ, ಟೋಪಿ ಇರುವ ಜಾಕೆಟ್ ಇಲ್ಲೇ ಕೊಂಡರಾಯಿತು. ಆ ತೂಕಕ್ಕೆ ಶೇಂಗಾ ಹಿಂಡಿ ತುಂಬಿಕೊಂಡು ಬಾ.