ಅಗ್ಗದ ಡ್ರಿಲ್ ತೊಗೊಳ್ಳಿ, ಗ್ರೈಂಡರ್ ಮಾತ್ರ ಬೇಡ

ಹೊಸ ಮನೆ ಆಗಿದೆ, ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳಬೇಕು, ಡ್ರಿಲ್ಲು, ತಿರುಗುವ ಡಿಸ್ಕಿನಿಂದ ಕಬ್ಬಿಣ ಕತ್ತರಿಸಿ ಉಜ್ಜುವ ಗ್ರೈಂಡರು, ಎರಡೂ ಸೇರಿ ಮೂರು ಸಾವಿರಕ್ಕೆ ಸಿಗುತ್ತಿದೆ, ತೊಗೊಳ್ಳಲಾ ಇಲ್ಲಾ ದುಡ್ಡು ಕೂಡಿಸಿ ಒಳ್ಳೆ ಕಂಪನಿಯದ್ದೇ ತರಲಾ ಅಂತ ಕೇಳಿದ್ದೀರಿ. 2012ರಲ್ಲಿ ನಾನು ಇದೇ ಲೆಕ್ಕ ಹಾಕುತ್ತಾ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಒಂದು ಅಂಗಡಿ ಮುಂದೆ ಅರ್ಧ ಗಂಟೆ ನಿಂತಿದ್ದೆ.

ತಿಪಟೂರಿನಲ್ಲಿ ವೆಲ್ಡಿಂಗ್ ಶಾಪ್ ಶುರು ಮಾಡಿ ಆಗ ನಾಲ್ಕು ತಿಂಗಳಾಗಿತ್ತು. ಕಿಟಕಿ ಗ್ರಿಲ್ಲು, ಗೇಟು, ಕೊಬ್ಬರಿ ಗೋಡೌನಿನ ಶಟರ್ ರಿಪೇರಿ, ಇಷ್ಟೇ ಕೆಲಸ. ಗ್ರೈಂಡರನ್ನು ದಿನದ ಬಾಡಿಗೆಗೆ ತಂದು ತಂದು ಸಾಕಾಗಿತ್ತು. 4 ಇಂಚಿನ ಗ್ರೈಂಡರ್ ಒಂದು, 13 ಎಂಎಂ ಡ್ರಿಲ್ ಒಂದು, ಎರಡೂ ಸೇರಿ 2,700 ರೂಪಾಯಿ ಅಂದರು. ಹೆಸರಿರುವ ಕಂಪನಿಯದ್ದಾದರೆ ಆ ದುಡ್ಡಿಗೆ ಒಂದೇ ಬರುತ್ತಿತ್ತು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ಆ ಗ್ರೈಂಡರ್ ಕೆಡಲಿಲ್ಲ. ಅಗ್ಗದ್ದು ಬೇಗ ಸುಟ್ಟುಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನದು ದಿನಾ ಮೂರ್ನಾಲ್ಕು ಗಂಟೆ ಓಡಿತು. ಎರಡು ಸಲ ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸಣ್ಣ ತುಂಡು) ಬದಲಾಯಿಸಿದೆ, ಅಷ್ಟೇ. ಕಾರ್ಬನ್ ಸವೆದರೆ ಒಳಗೆ ನೀಲಿ ಕಿಡಿ ಜಾಸ್ತಿ ಕಾಣುತ್ತದೆ, ಮೆಷಿನ್ ಬಿಟ್ಟುಬಿಟ್ಟು ಓಡುತ್ತದೆ. ಆಗಲೇ ಹೊಸದು ಹಾಕಿಸಿದರೆ ಆರ್ಮೇಚರ್, ಅಂದರೆ ಮೋಟಾರಿನ ಆ ತಿರುಗುವ ಭಾಗ, ಉಳಿಯುತ್ತದೆ. ನನಗೆ ಪೆಟ್ಟು ಬಿದ್ದದ್ದು ಮೆಷಿನ್ ಕೆಟ್ಟಿದ್ದರಿಂದ ಅಲ್ಲ. ಅದು ಚೆನ್ನಾಗಿ ಓಡುತ್ತಿದ್ದುದರಿಂದ.

2013ರ ಮಾರ್ಚ್. ಲೋಡ್ ಶೆಡ್ಡಿಂಗ್ ಕಾಲ. ಒಂದು ಹೊಸ ಮನೆಗೆ ಗ್ರಿಲ್ ಕೂರಿಸುತ್ತಿದ್ದೆವು. ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. ಜೊತೆಗೆ ನನ್ನ ಅಕ್ಕನ ಮಗ ಇದ್ದ. ಹತ್ತೊಂಬತ್ತು ವರ್ಷ, ಐಟಿಐ ಅರ್ಧಕ್ಕೆ ಬಿಟ್ಟಿದ್ದ. ನಿನ್ನ ಹತ್ರ ಕೆಲಸ ಕಲೀಲಿ ಅಂತ ಅಕ್ಕ ಕಳಿಸಿದ್ದಳು. ನಾನು ಸಾರ್ವೆ ಮೇಲೆ ನಿಂತು ಗ್ರಿಲ್ಲಿನ ಅಂಚು ಉಜ್ಜುತ್ತಿದ್ದೆ. ಕರೆಂಟು ಹೋಯಿತು. ಗ್ರೈಂಡರಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಅದನ್ನು ಸಾರ್ವೆ ಹಲಗೆ ಮೇಲಿಟ್ಟು ಕೆಳಗಿಳಿದೆ. "ಮಾವ, ಟೀ ತರಲಾ?" ಅಂದ. ನೀನು ಸ್ಕ್ರೂ ಆರಿಸ್ತಾ ಇರು, ನಾನೇ ತರ್ತೀನಿ ಅಂತ ಹೊರಟೆ.

ಟೀ ಲೋಟ ಹಿಡಿದು ಗೇಟಿನ ಹತ್ತಿರ ಬಂದಿದ್ದೆ. ಒಳಗೆ ಗ್ರೈಂಡರ್ ಓಡುವ ಸದ್ದು ಕೇಳಿತು. ಇವನೇ ಹತ್ತಿ ಕೆಲಸ ಶುರು ಮಾಡಿಬಿಟ್ಟನಾ ಅಂದುಕೊಂಡೆ. ಆಮೇಲೆ ಕಿರುಚಿದ್ದು ಕೇಳಿತು.

ಕರೆಂಟು ಬಂದಿತ್ತು. ಹಲಗೆ ಮೇಲಿದ್ದ ಗ್ರೈಂಡರ್ ತನ್ನಷ್ಟಕ್ಕೆ ಚಾಲೂ ಆಗಿ, ಆ ಎಳೆತಕ್ಕೆ ಮಗುಚಿ, ಕೆಳಗೆ ಕೂತಿದ್ದ ಹುಡುಗನ ಕಾಲ ಮೇಲೆ ಬಿದ್ದಿತ್ತು. ಬಿದ್ದ ಮೇಲೂ ನಿಂತಿರಲಿಲ್ಲ. ಡಿಸ್ಕು ಸಿಮೆಂಟ್ ನೆಲಕ್ಕೆ ತಾಗಿ ಚಕ್ರದ ಹಾಗೆ ಓಡಾಡುತ್ತಿತ್ತು, ವೈರು ಹಿಂದೆ ಎಳೆದುಕೊಂಡು. ಗಾರೆ ಮೇಸ್ತ್ರಿ ಓಡಿ ಬಂದು ಪ್ಲಗ್ ಕಿತ್ತರು. ಪಾದದ ಮೇಲ್ಭಾಗಕ್ಕೆ ಹದಿನಾಲ್ಕು ಹೊಲಿಗೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಸ್ನಾಯುರಜ್ಜು ತುಂಡಾಗಿತ್ತು. ಆಪರೇಷನ್ ಮಾಡಿ ಜೋಡಿಸಿದರು. ಮೂರು ತಿಂಗಳು ಅವನು ಸರಿಯಾಗಿ ನಡೆಯಲಿಲ್ಲ. ಖರ್ಚಿಗೆ ನನ್ನ ವೆಲ್ಡಿಂಗ್ ಮೆಷಿನ್ ಮಾರಿದೆ.

ಅಕ್ಕ ಬೈಯಲಿಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಒಂದೇ ಮಾತು ಕೇಳಿದಳು. "ಕರೆಂಟೇ ಇರ್ಲಿಲ್ವಲ್ಲೋ, ಅದು ಹೆಂಗೆ ತಿರುಗ್ತು?"

ಅವಳಿಗೆ ಅವತ್ತು ಸರಿಯಾಗಿ ಹೇಳಲಾಗಲಿಲ್ಲ. ನಿಮಗೆ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

4 ಇಂಚಿನ ಗ್ರೈಂಡರುಗಳಲ್ಲಿ ಹೆಚ್ಚಿನವಕ್ಕೆ ಪಕ್ಕದಲ್ಲಿ ಒಂದು ಸ್ಲೈಡ್ ಸ್ವಿಚ್ ಇರುತ್ತದೆ. ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ, ತುದಿಯನ್ನು ಒತ್ತಿದರೆ ಟಕ್ ಅಂತ ಕೂರುತ್ತದೆ. ಆಮೇಲೆ ಬೆರಳು ತೆಗೆದರೂ ಮೆಷಿನ್ ಓಡುತ್ತಲೇ ಇರುತ್ತದೆ. ಗಂಟೆಗಟ್ಟಲೆ ಉಜ್ಜುವವನಿಗೆ ಇದು ಆರಾಮ. ಆದರೆ ಕರೆಂಟು ಹೋದಾಗ ಆ ಸ್ವಿಚ್ ಹಿಂದಕ್ಕೆ ಬರುವುದಿಲ್ಲ. ಕೂತ ಜಾಗದಲ್ಲೇ ಕೂತಿರುತ್ತದೆ. ಸದ್ದು ನಿಂತಿತು ಅಂದರೆ ಆಫ್ ಆಯಿತು ಅಂತ ನಮ್ಮ ಕೈ ನಂಬಿಬಿಡುತ್ತದೆ. ದಿನಕ್ಕೆ ನೂರು ಸಲ ನಾವೇ ಆಫ್ ಮಾಡುತ್ತೇವೆ, ಪ್ರತಿ ಸಲವೂ ಇದೇ ಸದ್ದು ಇದೇ ಥರ ಇಳಿಯುತ್ತದೆ. ಕರೆಂಟು ಹೋದಾಗಲೂ ಅದೇ ಸದ್ದು, ಅದೇ ಇಳಿತ. ಕಿವಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಾನು ಆಫ್ ಮಾಡಿಯೇ ಇಟ್ಟೆ ಅಂತ ಆಣೆ ಮಾಡುವಷ್ಟು ನಂಬಿದ್ದೆ. ಆಮೇಲೆ ಎತ್ತಿ ನೋಡಿದರೆ ಸ್ವಿಚ್ ಮುಂದೆಯೇ ಇತ್ತು.

ಆ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. 100 ಎಂಎಂ ಡಿಸ್ಕಿನ ಅಂಚು ಆಗ ಗಂಟೆಗೆ 200 ಕಿಲೋಮೀಟರಿಗಿಂತ ಜೋರಾಗಿ ಓಡುತ್ತಿರುತ್ತದೆ. ಮಲಗಿದ್ದ ಮೆಷಿನ್ ಒಮ್ಮೆಲೇ ಆ ವೇಗಕ್ಕೆ ಏರಿದರೆ ಹಲಗೆ ಮೇಲೆ ನಿಲ್ಲುತ್ತದಾ ಹೇಳಿ?

ಹಾಗಾಗಿ ಕರೆಂಟು ಹೋದ ಕ್ಷಣದಲ್ಲಿ, ಕೈಯಲ್ಲಿ ಇರುವಾಗಲೇ, ಸ್ವಿಚ್ಚನ್ನು ಹಿಂದಕ್ಕೆ ಎಳೆಯಬೇಕು. ಆಮೇಲೆ ಪ್ಲಗ್ ಕೀಳಬೇಕು. ಆಮೇಲೇ ಕೆಳಗಿಡಬೇಕು. ಯಾರಾದರೂ ಎಡವಿ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಪ್ಲಗ್ ಕಿತ್ತುಬಂದರೂ ಅಷ್ಟೇ. ಮತ್ತೆ ಪ್ಲಗ್ ಚುಚ್ಚುವ ಮೊದಲು ಸ್ವಿಚ್ ಮುಟ್ಟಿ ನೋಡಬೇಕು. ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಬೇಕು, ಧೂಳು ಕೂತು ಎಲ್ಲಿದೆ ಅಂತ ಕಾಣುವುದೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಗ್ಗದ್ದಾ ಕಂಪನಿಯದ್ದಾ ಅಂತ ಕೇಳುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಹೆಸರುವಾಸಿ ಕಂಪನಿಗಳ ಸಣ್ಣ ಮಾಡೆಲ್‌ಗಳಲ್ಲೂ ಇದೇ ಸ್ಲೈಡ್ ಸ್ವಿಚ್ ಇರುತ್ತದೆ. ದುಪ್ಪಟ್ಟು ಕೊಟ್ಟು ತಂದಿದ್ದರೂ ಅವತ್ತು ಇದೇ ಆಗುತ್ತಿತ್ತು. ಜಾಸ್ತಿ ದುಡ್ಡು ಕೊಡುವುದಾದರೆ ಎರಡು ವಿಷಯಕ್ಕೆ ಕೊಡಿ. ಒಂದು, ಲಾಕ್ ಆಗದ ಪ್ಯಾಡಲ್ ಸ್ವಿಚ್. ಕೈ ಹಿಡಿದಿರುವಷ್ಟು ಹೊತ್ತು ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎರಡು, ರೀಸ್ಟಾರ್ಟ್ ಪ್ರೊಟೆಕ್ಷನ್. ಕರೆಂಟು ಹೋಗಿ ಬಂದರೆ, ನೀವು ಆಫ್ ಮಾಡಿ ಮತ್ತೆ ಆನ್ ಮಾಡುವ ತನಕ ಅದು ತಿರುಗುವುದಿಲ್ಲ. ಈಗ ನನ್ನ ಶಾಪಿನಲ್ಲಿ ಇರುವ ಗ್ರೈಂಡರುಗಳೆಲ್ಲ ಇಂಥವೇ. ಅಂಗಡಿಯವರು ವಾಟ್ಸ್ ಎಷ್ಟು ಅಂತ ಮೊದಲು ಹೇಳುತ್ತಾರೆ. ಅಗ್ಗದ ಮೆಷಿನ್ ಮೇಲಿನ ಆ ಅಂಕಿಯನ್ನು ನಾನು ನಂಬುವುದಿಲ್ಲ. ಸ್ವಿಚ್ ಯಾವುದು ಅಂತ ನೀವೇ ಕೇಳಿ.

ಆದರೆ ನಿಮಗೆ ಗ್ರೈಂಡರೇ ಬೇಡ. ಮನೆಯಲ್ಲಿ ವರ್ಷಕ್ಕೆ ಒಂದೋ ಎರಡೋ ಸಲ ಏನಾದರೂ ಕತ್ತರಿಸಬೇಕಾಗುತ್ತದೆ. ಅದಕ್ಕೆ ಕೆಲಸ ಗೊತ್ತಿರುವವರನ್ನು ಕರೆಯಿರಿ, ಇಲ್ಲಾ ಹತ್ತಿರದ ವೆಲ್ಡಿಂಗ್ ಶಾಪಿಗೆ ಒಯ್ದು ಕತ್ತರಿಸಿಕೊಂಡು ಬನ್ನಿ. ಕೊಂಡರೆ ಏನಾಗುತ್ತದೆ ಅಂತ ನೋಡಿದ್ದೇನೆ. ಮೊದಲು ಕಬ್ಬಿಣ ಕತ್ತರಿಸುತ್ತಾರೆ. ಆಮೇಲೆ ಅಡ್ಡ ಬರುತ್ತದೆ ಅಂತ ಡಿಸ್ಕನ್ನು ಮುಚ್ಚುವ ಗಾರ್ಡ್ ಬಿಚ್ಚುತ್ತಾರೆ. ಆಮೇಲೆ ಮರ ಕುಯ್ಯುವ ಹಲ್ಲಿನ ಬ್ಲೇಡ್ ಹಾಕುತ್ತಾರೆ. ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಮೆಷಿನ್ ಎದೆ ಕಡೆಗೇ ಎಗರುತ್ತದೆ. ಇಷ್ಟು ಹೇಳಿದರೂ ಕೊಂಡರೆ, ಡಿಸ್ಕಿನ ನಡುವಿನ ಲೋಹದ ಉಂಗುರ ನೋಡಿ. ಒಳ್ಳೆ ಡಿಸ್ಕಿನಲ್ಲಿ ಅದರ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಡಿಸ್ಕಿನ ಅಂಟಿಗೂ ಅವಧಿ ಇದೆ, ಹಳೆಯದಾದರೆ ಒಡೆಯುತ್ತದೆ. ದಿನಾಂಕ ದಾಟಿದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ ಅನ್ನಿ.

ಡ್ರಿಲ್ ವಿಷಯ ಬೇರೆ. ಅಗ್ಗದ ಡ್ರಿಲ್ ಧಾರಾಳವಾಗಿ ಕೊಳ್ಳಿ. ಕರ್ಟನ್ ರಾಡು, ದೇವರ ಫೋಟೋ, ಟಿವಿ ಸ್ಟ್ಯಾಂಡು ಅಂತ ವರ್ಷಕ್ಕೆ ಇಪ್ಪತ್ತು ತೂತು ಹೊಡೆಯುತ್ತೀರಿ. ಅಷ್ಟಕ್ಕೆ ಸಾವಿರದ ಐನೂರರ ಮೆಷಿನ್ ವರ್ಷಗಟ್ಟಲೆ ಬರುತ್ತದೆ. ಉಳಿದ ದುಡ್ಡಲ್ಲಿ ಡ್ರಿಲ್ಲಿನ ತುದಿಗೆ ಹಾಕುವ ಒಳ್ಳೆ ಬಿಟ್ ತೊಗೊಳ್ಳಿ, ಕೆಲಸ ಮಾಡುವುದು ಅದೇ. ನನ್ನ ಡ್ರಿಲ್ ಸುಟ್ಟದ್ದು ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಬೀಮಿನ ಮೇಲೆ. ಈ ಸಾದಾ ಇಂಪ್ಯಾಕ್ಟ್ ಡ್ರಿಲ್ಲಿನ ಒಳಗೆ ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಉಜ್ಜಿ ಸಣ್ಣಗೆ ಕುಟ್ಟುತ್ತವೆ. ಇಟ್ಟಿಗೆಗೆ ಅದು ಸಾಕು. ಕಾಂಕ್ರೀಟಿಗೆ ಸಾಲುವುದಿಲ್ಲ. ತೂತು ಇಳಿಯುತ್ತಿಲ್ಲ ಅಂತ ನಾನು ಮೈಭಾರ ಹಾಕಿ ಒತ್ತಿದೆ, ವಾಸನೆ ಬಂದರೂ ಬಿಡಲಿಲ್ಲ, ಆರ್ಮೇಚರ್ ಹೋಯಿತು. ಬೀಮಿಗೆ ಎಸ್‌ಡಿಎಸ್ ಬಿಟ್ (ಬುಡದಲ್ಲಿ ಗಾಡಿ ಇರುವ ಬಿಟ್) ಹಾಕುವ ಹ್ಯಾಮರ್ ಮೆಷಿನ್ ಬೇಕು. ಅದರೊಳಗೆ ಗಾಳಿಯ ಒತ್ತಡದಲ್ಲಿ ಪಿಸ್ಟನ್ ಕುಟ್ಟುತ್ತದೆ, ನಾವು ಸುಮ್ನೆ ಹಿಡಿದುಕೊಂಡರೆ ಸಾಕು. ಅದನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ, ವಿಚಾರಿಸಿ.

ಅಕ್ಕನ ಮಗ ಈಗ ಅರಸೀಕೆರೆಯಲ್ಲಿ ಸ್ವಂತ ಶಾಪ್ ಇಟ್ಟಿದ್ದಾನೆ. ಆ ಹೆಬ್ಬೆರಳು ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಹವಾಯಿ ಚಪ್ಪಲಿ ಹಾಕಿದರೆ ಜಾರಿಹೋಗುತ್ತದೆ ಅಂತ ಬರೀ ಶೂ ಹಾಕುತ್ತಾನೆ.

ನಿಮ್ಮ ಗೋಡೆ ಇಟ್ಟಿಗೆಯದ್ದಾ, ಸಿಮೆಂಟ್ ಬ್ಲಾಕಿನದ್ದಾ ಅಂತ ಬರೆದಿಲ್ಲ. ಅದೊಂದು ತಿಳಿಸಿ, ಯಾವ ಸೈಜಿನ ಬಿಟ್ಟು, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್ಗು ಯಾವುದು ಅಂತ ಹೇಳುತ್ತೇನೆ.