ಬಾಲ ಮಾತ್ರ ಕಂಡರೆ ವಿಮಾನ ಯಾವುದು?

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ವಿಮಾನದ ಬಾಲ, ಹೊಟ್ಟೆ, ಒಂದು ಎಂಜಿನ್ ಅಷ್ಟೇ ಇವೆ. ಬೋಯಿಂಗ್ 737ನೋ ಏರ್‌ಬಸ್ ಎ320ಯೋ, ಹೇಗೆ ಹೇಳುವುದು?
– ಓದುಗರು, ಹೊಳಲ್ಕೆರೆ

ಉತ್ತರ: ಬಣ್ಣ ನೋಡಿ ತೀರ್ಮಾನಿಸಬೇಡಿ, ಬಹಳ ಜನ ಎಡವುವುದೇ ಅಲ್ಲಿ. ನಿಂತಿರುವ ಬಾಲ ಬೆನ್ನಿಗೆ ಸೇರುವ ಜಾಗ ನೋಡಿ. 737ರಲ್ಲಿ ಬಾಲದ ಮುಂಭಾಗದ ಗೆರೆ ಬುಡದ ಹತ್ತಿರ ಮುರಿದು, ತ್ರಿಕೋನದಂತೆ ಮುಂದಕ್ಕೆ ಚಾಚುತ್ತದೆ. ಎ320ಯಲ್ಲಿ ಆ ಮುರಿವು ಇಲ್ಲ, ಗೆರೆ ನೇರವಾಗಿ ಇಳಿಯುತ್ತದೆ. ಅನುಮಾನ ಉಳಿದರೆ ಹೊಟ್ಟೆ ನೋಡಿ: 737ರ ಹಿಂದಿನ ಚಕ್ರಗಳಿಗೆ ಪೂರ್ತಿ ಮುಚ್ಚುವ ಬಾಗಿಲಿಲ್ಲ. ಹಾರುವಾಗಲೂ ಎರಡು ಕಪ್ಪು ವೃತ್ತ ಕಾಣುತ್ತವೆ. ಎಂಜಿನ್ನಿನ ಹಿಂಬದಿಯ ಅಂಚು ಗರಗಸದ ಹಲ್ಲಿನಂತಿದ್ದರೆ 737 ಮ್ಯಾಕ್ಸ್ ಇರಬಹುದು. ಬೋಯಿಂಗ್ 787ಕ್ಕೂ ಅಂಥ ಹಲ್ಲುಗಳಿವೆ, ಅದೊಂದನ್ನೇ ನಂಬಬೇಡಿ. ಅಕ್ಷರ ತಿರುಗುಮುರುಗಾಗಿದ್ದರೆ ಫೋಟೊವನ್ನೇ ಕನ್ನಡಿಯಂತೆ ತಿರುಗಿಸಿದ್ದಾರೆ.

ಪ್ರಶ್ನೆ: ‘ಚಳ್ಳಕೆರೆಯಲ್ಲಿ ಅಮೆರಿಕದ ಸ್ಪೇಸ್ ಶಟಲ್’ ಎಂಬ ಚಿತ್ರ ನಿಜವೇ? ಹಿಂಭಾಗ ಮಾತ್ರ ಕಾಣುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಬಾಲ ಎಣಿಸಿ. ಶಟಲ್‌ಗೆ ನಟ್ಟನಡುವೆ ಒಂದೇ. ಎರಡಿದ್ದರೆ ಅದು ಇಸ್ರೋದ ಆರ್‌ಎಲ್‌ವಿ (ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಪರೀಕ್ಷಾ ಮಾದರಿ) ಇರಬೇಕು. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತ್ತು, ಚಳ್ಳಕೆರೆ ಬಳಿಯ ಡಿಆರ್‌ಡಿಒ ರನ್‌ವೇಯಲ್ಲಿ ತಾನೇ ಇಳಿಯಿತು. ಗಾತ್ರಕ್ಕೆ ಪಕ್ಕದಲ್ಲಿ ನಿಂತ ಮನುಷ್ಯರನ್ನು ನೋಡಿ. ಶಟಲ್ ಉದ್ದ 37 ಮೀಟರ್, ಅದರ ಪಕ್ಕ ಆಳು ಇರುವೆಯಂತೆ ಕಾಣಬೇಕು.