ಕಾಸರಗೋಡಲ್ಲಿ ಮಗು ನೋಡ್ಲಿಕ್ಕೆ ಜನ ಇಡುವ ಮೊದಲು

ಧಾರವಾಡದಿಂದ ಟ್ರಾನ್ಸ್‌ಫರ್ ಆಗಿ ಬರ್ತಿದ್ದೇವೆ, ಮಗು ನೋಡ್ಲಿಕ್ಕೆ ಜನ ಬೇಕು, ಪೊಲೀಸ್ ವೆರಿಫಿಕೇಶನ್ ಅಲ್ಲಿ ಹೇಗೆ ಅಂತ ಕೇಳಿದ್ರಲ್ಲ ಮೇಡಂ, ನಮ್ಮಲ್ಲಿ ಅದು ಸ್ವಲ್ಪ ಬೇರೆ ಥರ ಉಂಟು.

1956ರಿಂದ ನಾವು ಕೇರಳದಲ್ಲಿ ಇದ್ರೂ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಅಂತ ಓಡಾಟ ಎಲ್ಲ ತಲಪಾಡಿ ಗಡಿ ದಾಟಿ ಮಂಗಳೂರಿಗೇ. ಕೆಲಸಕ್ಕೆ ಬರುವ ಹೆಂಗಸು ಇಲ್ಲಿಯ ಬದಿಯಡ್ಕದವ್ರೇ ಆಗಿರ್ಬಹುದು, ಆದ್ರೆ ಎಷ್ಟೋ ವರ್ಷ ಕರ್ನಾಟಕದ ಉಳ್ಳಾಲದಲ್ಲಿ ಮನೆಕೆಲಸ ಮಾಡಿರ್ತಾರೆ, ಇಲ್ಲಾಂದ್ರೆ ಪುತ್ತೂರಿಂದ ಮದುವೆ ಆಗಿ ಬಂದಿರ್ತಾರೆ. ಕೇರಳ ಪೊಲೀಸ್ ಕೊಡುವ ಸರ್ಟಿಫಿಕೇಟಲ್ಲಿ ಕೇರಳದ ಕೇಸು ಮಾತ್ರ ನೋಡುದು. ಆಚೆ ಕಡೆದಕ್ಕೆ ಕರ್ನಾಟಕದ ಸೇವಾಸಿಂಧುವಲ್ಲಿ ಬೇರೆಯೇ ಅರ್ಜಿ ಹಾಕ್ಬೇಕು. ಎರಡೂ ಮಾಡ್ಸಿ, ಒಂದೇ ಮಾಡಿದ್ರೆ ಅರ್ಧ ಮಾತ್ರ ಆದ ಹಾಗೆ.

ಈಚೆ ಕಡೆ ಕೇರಳ ಪೊಲೀಸಿನ ತುಣ ಪೋರ್ಟಲ್ ಅಥವಾ ಪೋಲ್ ಆ್ಯಪ್, ಅರ್ಜಿ ಕೆಲಸಕ್ಕೆ ಬರುವವ್ರ ಹೆಸರಲ್ಲೇ. ಇಲ್ಲಿ ಮನೆಮನೆಯಿಂದ ಗಲ್ಫಿಗೆ ಹೋದವ್ರು ಇರುದ್ರಿಂದ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಅಂದ್ರೆ ಎಲ್ರಿಗೂ ಗೊತ್ತು, ಆದ್ರೆ ಅದು ಪಾಸ್‌ಪೋರ್ಟ್ ಆಫೀಸಿಂದ ಬರುವಂಥದ್ದು, ನಿಮಗೆ ಬೇಕಾದ್ದು ಕ್ರಿಮಿನಲ್ ಕೇಸಲ್ಲಿ ಸೇರಿಲ್ಲ ಅಂತ ಪೊಲೀಸ್ ಕೊಡುವ ಸರ್ಟಿಫಿಕೇಟು. ಮಲಯಾಳಂ ಬರುದಿಲ್ಲ ಅಂತ ಹೆದರ್ಬೇಡಿ, ಇಲ್ಲಿಯ ಸರ್ಕಾರಿ ಆಫೀಸುಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು 1969ರ ಕಾನೂನಲ್ಲೇ ಉಂಟು.

ಡೇಕೇರಿಗೆ ಹಾಕುದಾದ್ರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 2020ರ ನಿಯಮ ಉಂಟು, ಮಕ್ಕಳ ಒಡನಾಟಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿದೂ ಪೊಲೀಸ್ ವೆರಿಫಿಕೇಶನ್ ಮಾಡ್ಸ್ಲೇಬೇಕು, ಟೀಚರ್ ಮಾತ್ರ ಅಲ್ಲ, ಆಯಾ, ವ್ಯಾನ್ ಡ್ರೈವರ್, ಕಾಂಟ್ರಾಕ್ಟಲ್ಲಿ ಬಂದವ್ರು ಎಲ್ಲ, ಅದೂ ಒಮ್ಮೆ ಮಾಡಿ ಬಿಡುದಲ್ಲ, ಆಗಾಗ. ಕಾಗದ ತೋರಿಸಿ ಅಂತ ಕೇಳಿ, ಕೇಳ್ಲಿಕ್ಕೆ ಸಂಕೋಚ ಎಂತಕ್ಕೆ? ಆದ್ರೆ ಆ ನಿಯಮ ಸಂಸ್ಥೆಗಳಿಗೆ ಮಾತ್ರ, ಮನೆಯಲ್ಲಿ ಇಟ್ಕೊಳ್ಳುವವ್ರ ವಿಷಯ ನೀವೇ ನೋಡ್ಕೊಳ್ಬೇಕು. ಏಜೆನ್ಸಿಯವ್ರು ವೆರಿಫೈಡ್ ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಸರ್ಟಿಫಿಕೇಟಿನ ತಾರೀಕು ನೋಡಿ.

ಇನ್ನೊಂದು, ನಮ್ಮಲ್ಲಿ ಸಿಕ್ಕಾಪಟ್ಟೆ ಕೇಳುವ ಮಾತು, "ಅವ್ರು ಗೊತ್ತಿದ್ದವ್ರೇ ಮಾರಾಯ್ರೆ, ವೆರಿಫಿಕೇಶನ್ ಎಂತಕ್ಕೆ" ಅಂತ. ಊರು ಸಣ್ಣದು, ಎಲ್ರಿಗೂ ಎಲ್ರ ಮನೆ ಗೊತ್ತು, ಅದಕ್ಕೇ ಹಾಗೆ ಹೇಳುದು. ಆದ್ರೆ ದೇಶದ ಅಪರಾಧದ ಲೆಕ್ಕ ಇಡುವ ಎನ್‌ಸಿಆರ್‌ಬಿ ವರದಿ ನೋಡಿ, ಪೋಕ್ಸೋ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಮಗುವಿಗೆ ಗೊತ್ತಿದ್ದವ್ರೇ. ಇದನ್ನು ಓದಿದ ಮೇಲೆ ನನಗಂತೂ ಆ ಮಾತು ಕೇಳಿದ್ರೆ ಕಸಿವಿಸಿ ಆಗ್ತದೆ.

ಸರ್ಟಿಫಿಕೇಟಲ್ಲಿಯೂ ಪೊಲೀಸ್ ದಾಖಲೆಗೆ ಬಂದದ್ದು ಮಾತ್ರ ಬರುದು, ದೂರು ಕೊಡದೆ ಮುಚ್ಚಿಹಾಕಿದ್ದು ಬರುದಿಲ್ಲ. ಲೈಂಗಿಕ ಅಪರಾಧಿಗಳದ್ದೇ ರಾಷ್ಟ್ರೀಯ ಡೇಟಾಬೇಸ್ 2018ರಿಂದ ಉಂಟು, ಆದ್ರೆ ನಮ್ಮ ನಿಮ್ಮಂಥವ್ರು ಅದನ್ನು ತೆಗೆದು ನೋಡುವ ಹಾಗಿಲ್ಲ. ಅದಕ್ಕೆ ಮೊದಲು ಕೆಲಸ ಮಾಡಿದ ಮನೆಗಳಿಗೆ ಫೋನ್ ಮಾಡಿ, ಯಾಕೆ ಬಿಟ್ರು ಅಂತ ನೇರ ಕೇಳಿ. ಅರ್ಜಿ ಫೀಸು ನೀವೇ ಕಟ್ಟಿ, ಠಾಣೆಗೆ ಅಲೆದ ದಿನದ ಸಂಬಳವನ್ನೂ ಕೊಡಿ, ಆ ಹೆಂಗಸರಿಗೆ ಒಂದು ದಿನದ ಕೂಲಿ ಹೋದ್ರೂ ಕಷ್ಟವೇ.